ನಿಲ್ಲದೆ ಕಾಯುವ ಪ್ರೋಗ್ರಾಂ

ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನ ಕರೆಯುತ್ತಿದ್ದ ಏಜೆಂಟರೊಬ್ಬರಿದ್ದರು. ಅವರ ಮಗಳು ಪಿಯುಸಿಯಿಂದ ನನ್ನ ಜೊತೆ ಓದಿದವಳು, ಅವಳಿಗೆ ಅವರು ಉಪ್ಪ, ಬಸ್‌ಸ್ಟ್ಯಾಂಡಿಗೆಲ್ಲ ಕಾಕ, ಹಾಗಾಗಿ ನನಗೂ ಕಾಕ. ಗೆಳತಿಯ ಮನೆಯಲ್ಲಿ ಬ್ಯಾರಿ ಭಾಷೆ, ಮರ್ಕಂಜದ ನಮ್ಮ ಮನೆಯಲ್ಲಿ ಅರೆಭಾಷೆ. ನಮ್ಮಿಬ್ಬರ ನಡುವೆ ಕನ್ನಡ. ಸಿಟ್ಟು ಬಂದರೆ ತುಳು. ಕಾಕನಿಗೆ ಇವೆಲ್ಲವೂ ಬರುತ್ತಿದ್ದವು, ಮೇಲೆ ಮಲಯಾಳವೂ. ಯಾವ ಬಸ್ಸು ಎಲ್ಲಿ ಕೆಟ್ಟು ನಿಂತಿದೆ, ಯಾವುದು ಇವತ್ತು ಹತ್ತು ನಿಮಿಷ ತಡ ಎನ್ನುವುದೆಲ್ಲ ಅವರಿಗೆ ತಿಳಿದಿರುತ್ತಿತ್ತು. ನಾನು ಬ್ಯಾಗು ಹಿಡಿದು ಓಡಿ ಬರುವುದು ಕಂಡರೆ ಬಸ್ಸಿನ ಬದಿಗೆ ಎರಡು ಬಡಿದು ನಿಲ್ಲಿಸಿ, "ನಿಧಾನ ಬಾ ಮಗಳೆ, ಬಸ್ಸು ಎಲ್ಲಿಗೂ ಹೋಗುದಿಲ್ಲ" ಅನ್ನುತ್ತಿದ್ದರು.

ಎರಡು ವರ್ಷಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಸವಣೂರಿನ ಮನೆಗೆ ನೋಡಲು ಹೋದಾಗ ಗೆಳತಿ ನನ್ನನ್ನು ಜಗಲಿಯಲ್ಲೇ ನಿಲ್ಲಿಸಿ, ಡಾಕ್ಟರು ಹೇಳಿದ್ದನ್ನು ಹೇಳಿದಳು. "ಅರ್ಥ ಆಗುದು ಎಲ್ಲ ಆಗ್ತದಂತೆ. ನೆನಪು ಉಂಟು, ಬುದ್ಧಿ ಉಂಟು. ನಾಲಿಗೆ ಮಾತ್ರ ತಿರುಗುದಿಲ್ಲ. ಕೈಕಾಲೂ ಇಲ್ಲ. ಎಡಗೈಯ ಎರಡು ಬೆರಳು ಮಾತ್ರ ಸ್ವಲ್ಪ."

ಒಳಗೆ ಕಾಕ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ನನ್ನನ್ನು ಕಂಡು ಗಂಟಲಿನಿಂದ ಒಂದು ಸದ್ದು ಬಂತು. ಅದು ನನ್ನ ಹೆಸರೋ, ಬೇರೇನೋ ತಿಳಿಯಲಿಲ್ಲ. ತಲೆಯಾಡಿಸಲು ಹೋದರೆ ಕುತ್ತಿಗೆ ಒಂದು ಬದಿಗೆ ವಾಲುತ್ತಿತ್ತು. ರೆಪ್ಪೆ ಮುಚ್ಚಿದರೆ ಹೌದು ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರಂತೆ. ಆದರೆ ಕಣ್ಣಲ್ಲಿ ಸದಾ ನೀರು ಸೋರಿ ರೆಪ್ಪೆ ತಾನಾಗಿಯೇ ಮುಚ್ಚುತ್ತಿದ್ದುದರಿಂದ ಎಲ್ಲದಕ್ಕೂ ಹೌದು ಅಂದಂತೆಯೇ ಆಗುತ್ತಿತ್ತು. ಗೆಳತಿಯ ಉಮ್ಮ ಅವರ ಎಡಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಆ ಕೈಯ ಹೆಬ್ಬೆರಳು ಆಗಾಗ ಉಮ್ಮನ ಅಂಗೈಯನ್ನು ಒತ್ತುತ್ತಿತ್ತು. ಅದನ್ನೇ ನೋಡುತ್ತಾ ನಾನು ಯೋಚನೆಗೆ ಬಿದ್ದೆ.

ನನ್ನ ಕೆಲಸ ಪುತ್ತೂರಿನ ಒಂದು ಕಾಲೇಜಿನಲ್ಲಿ, ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ. ಒಂದೇ ಗುಂಡಿಯಿಂದ ಮಾತಾಡುವ ವಿಧಾನ ಇದೆ ಎಂದು ಎಲ್ಲೋ ಓದಿದ್ದು ನೆನಪಿಗೆ ಬಂತು. ಪರದೆಯ ಮೇಲೆ ಕೆಲವು ಶಬ್ದಗಳಿರುತ್ತವೆ. ಒಂದು ಹಳದಿ ಪಟ್ಟಿ ಎರಡೆರಡು ಸೆಕೆಂಡಿಗೊಮ್ಮೆ ಒಂದರಿಂದ ಮತ್ತೊಂದಕ್ಕೆ ಸರಿಯುತ್ತದೆ. ಬೇಕಾದ ಶಬ್ದದ ಮೇಲೆ ಪಟ್ಟಿ ಬಂದಾಗ ಗುಂಡಿ ಒತ್ತಿದರೆ ಕಂಪ್ಯೂಟರ್ ಆ ಶಬ್ದವನ್ನು ಗಟ್ಟಿಯಾಗಿ ಹೇಳುತ್ತದೆ. ಇಷ್ಟೇ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಬಳಸುವ ಬೆರಳುದ್ದದ ಒಂದು ಎಲೆಕ್ಟ್ರಾನಿಕ್ಸ್ ಬೋರ್ಡಿಗೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಜೋಡಿಸಿದೆ. ಒಂದು ವಾರ ಸಂಜೆ ಹೊತ್ತು ಕೂತು ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಬರೆದೆ. ನೀರಿಗೆ 'ತನ್ನಿ', ಬೇಡ ಅನ್ನುವುದಕ್ಕೆ 'ಬೋಂಡ', ಹೀಗೆ ಬ್ಯಾರಿಯ ಹನ್ನೆರಡು ಶಬ್ದಗಳನ್ನು ಗೆಳತಿ ಕನ್ನಡ ಅಕ್ಷರದಲ್ಲಿ ಬರೆದು, ತನ್ನ ಧ್ವನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದಳು. ಅವಳು ಶಾಲಾ ಟೀಚರ್. ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದ್ದಳು.

ಒಂದು ಶನಿವಾರ ಮಧ್ಯಾಹ್ನ ಅದನ್ನು ಸವಣೂರಿಗೆ ಒಯ್ದೆ. ಸ್ವಿಚ್ಚನ್ನು ಒಂದು ಹಲಗೆ ತುಂಡಿಗೆ ಬಿಗಿದು ಕಾಕನ ಹೆಬ್ಬೆರಳ ಕೆಳಗಿಟ್ಟೆವು. ಹಳದಿ ಪಟ್ಟಿ ಸರಿಯತೊಡಗಿತು. ಮೊದಲ ಸುತ್ತು ಕಾಕ ಸುಮ್ಮನೆ ನೋಡಿದರು. ಎರಡನೇ ಸುತ್ತಿನಲ್ಲಿ ಪಟ್ಟಿ ಐದನೆಯ ಶಬ್ದಕ್ಕೆ ಬಂದಾಗ ಬೆರಳು ಒತ್ತಿತು. "ಚಾಯ" ಎಂದಿತು ಲ್ಯಾಪ್‌ಟಾಪು.

ಉಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದರು. ಅಳುತ್ತಿದ್ದಾರೆ ಅಂದುಕೊಂಡೆ. ಚಾ ಹಿಡಿದು ಬಂದಾಗ ನೋಡಿದರೆ ನಗುತ್ತಿದ್ದರು. "ನಲವತ್ತು ವರ್ಷ ಇವರ ದೊಡ್ಡ ಗಂಟಲು ಕೇಳಿದ್ದೇನೆ. ಈಗ ಟೀಚರಿನ ಹಾಗೆ ಮಾತಾಡ್ತಾರೆ ಮಾರಾಯ್ತಿ!"

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಬರುವ ಹಾಗಿರಲಿಲ್ಲ. ಗೆಳತಿಯ ಲ್ಯಾಪ್‌ಟಾಪಿನಲ್ಲಿದ್ದದ್ದು ವಿಂಡೋಸ್; ಶಾಲೆಯ ಕೆಲಸವೆಲ್ಲ ಅದರಲ್ಲೇ ಇದ್ದುದರಿಂದ ಅದನ್ನು ಬದಲಿಸಲು ಆಗದು. ಪ್ರೋಗ್ರಾಮನ್ನು ಅದಕ್ಕೆ ಹಾಕಿ ಚಾಲೂ ಮಾಡಿದೆ. ಕೆಂಪು ಅಕ್ಷರದ ತಪ್ಪು ಸಂದೇಶ ಬಂತು. ತಿದ್ದಿದೆ. ಇನ್ನೊಂದು ಬಂತು. ಇದು ಸಾಕೆಟ್ ಅಲ್ಲ, ಇದರ ಮೇಲೆ ಈ ಕೆಲಸ ಮಾಡಲಾಗದು ಎಂಬ ಅರ್ಥದ್ದು. ಸಾಕೆಟ್ ಎಂದರೆ ಎರಡು ಕಂಪ್ಯೂಟರುಗಳು ನೆಟ್‌ವರ್ಕಿನಲ್ಲಿ ಮಾತಾಡಿಕೊಳ್ಳುವಾಗ ಬಳಸುವ ಬಾಗಿಲು. ನನ್ನದು ನೆಟ್‌ವರ್ಕೇ ಅಲ್ಲ, ಒಂದು ಬೆಲ್ಲಿನ ಸ್ವಿಚ್ಚು. ಅದಕ್ಕೂ ಸಾಕೆಟ್ಟಿಗೂ ಎಂತ ಸಂಬಂಧ ಎಂದು ಯೋಚಿಸುವಷ್ಟು ಹೊತ್ತು ಇರಲಿಲ್ಲ. ಪುತ್ತೂರಿಗೆ ಬಂದು ಸುಳ್ಯದ ಬಸ್ಸು ಹಿಡಿದು ಅಲ್ಲಿಂದ ಮರ್ಕಂಜಕ್ಕೆ ಹೋಗಬೇಕಿತ್ತು. ತಕರಾರು ಮಾಡುತ್ತಿದ್ದ ಎರಡು ಸಾಲುಗಳನ್ನು ಕಿತ್ತುಹಾಕಿ, ಸ್ವಿಚ್ಚಿನಿಂದ ನೇರವಾಗಿ ಓದು ಎಂದು ಬರೆದೆ. ಒಮ್ಮೆ ಒತ್ತಿ ನೋಡಿದೆ. "ತನ್ನಿ" ಎಂದಿತು. "ಸರಿಯಾಯ್ತು" ಎಂದು ಬ್ಯಾಗು ಹೆಗಲಿಗೇರಿಸಿ ಹೊರಟೆ.

ಸೋಮವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವಾಗ ಗೆಳತಿಯ ಫೋನು ಬಂತು.

"ನಿನ್ನ ಮಿಷನ್ ನೀರು ಬಿಟ್ಟು ಬೇರೆ ಮಾತೇ ಆಡುದಿಲ್ಲ."

"ಅಂದ್ರೆ?"

"ನಿನ್ನೆ ಇಡೀ ದಿವಸ ತನ್ನಿ, ತನ್ನಿ, ತನ್ನಿ. ಉಮ್ಮ ಪ್ರತಿ ಸಲ ಚಮಚದಲ್ಲಿ ಕುಡಿಸಿದ್ರು. ಉಪ್ಪನಿಗೆ ಹೊಟ್ಟೆ ಉಬ್ಬರಿಸಿತು. ಮತ್ತೆ ಒತ್ತಿದ್ರು, ಮತ್ತೆ ತನ್ನಿ. ಕಡೆಗೆ ನೀರು ಕೊಟ್ಟದ್ದನ್ನು ಉಗುಳಿ ಕಣ್ಣು ಮುಚ್ಚಿ ಮಲಗಿದ್ರು. ಆಮೇಲೆ ಬೆರಳು ಮುಟ್ಟಿಸಿಲ್ಲ."

ಏನಾಗಿದೆ ಎಂದು ಆ ಕ್ಷಣಕ್ಕೇ ಗೊತ್ತಾಗಿತ್ತು. ಓದು ಎಂದು ಹೇಳಿದರೆ ಪ್ರೋಗ್ರಾಂ ಸ್ವಿಚ್ಚಿನ ಎದುರು ಹೋಗಿ ನಿಲ್ಲುತ್ತದೆ, ಯಾರಾದರೂ ಒತ್ತುವವರೆಗೆ. ಅದು ನಿಂತರೆ ಹಳದಿ ಪಟ್ಟಿಯನ್ನು ಸರಿಸುವವರು ಯಾರು? ಪಟ್ಟಿ ಮೊದಲ ಶಬ್ದದ ಮೇಲೇ ಕೂತಿದೆ. ಒತ್ತಿದಾಗ ಆ ಶಬ್ದವನ್ನೇ ಹೇಳಿದೆ, ಮತ್ತೆ ಮೊದಲಿನಿಂದ ಶುರು ಮಾಡಿ ಅಲ್ಲೇ ನಿಂತಿದೆ. ನಾನು ಒಂದೇ ಸಲ ಒತ್ತಿ ನೋಡಿ ಬಸ್ಸಿಗೆ ಓಡಿದ್ದೆ. ಬೇರೆ ಏನನ್ನೋ ಹೇಳಲು ಇಡೀ ಭಾನುವಾರ ಪ್ರಯತ್ನಿಸಿದ ಮನುಷ್ಯನ ಬಾಯಿಗೆ ನೀರು ಹೊಯ್ಯಿಸಿದ್ದೆ. ಸಂಜೆ ಫೋನು ಮಾಡಿ ತಪ್ಪು ನನ್ನದು ಎಂದೆ. "ಉಪ್ಪನಿಗೆ ಹೇಳು ಅದನ್ನು, ನನಗಲ್ಲ" ಅಂದಳು ಗೆಳತಿ. ಅವಳ ಮಾತು ಸರಿಯೇ ಇತ್ತು.

ಲಿನಕ್ಸಿನಲ್ಲಿ ಇದೇ ಕೆಲಸ ಹೇಗೆ ಸಲೀಸಾಗಿ ನಡೆದಿತ್ತು? ಅಲ್ಲಿ ಸ್ವಿಚ್ಚಿನ ಜೋಡಣೆಯನ್ನು ತೆರೆಯುವಾಗಲೇ, ಓದಲು ಏನೂ ಇಲ್ಲದಿದ್ದರೆ ಇಲ್ಲ ಅನ್ನು, ನನ್ನನ್ನು ನಿಲ್ಲಿಸಿಕೊಳ್ಳಬೇಡ ಎಂದು ಕೇಳಿಕೊಳ್ಳಬಹುದು. ಜೊತೆಗೆ 'ಸೆಲೆಕ್ಟ್' ಎಂಬ ಒಂದು ಕರೆ ಇದೆ. ಎರಡು ಸೆಕೆಂಡಿನೊಳಗೆ ಏನಾದರೂ ಬಂದರೆ ತಿಳಿಸು, ಬರದಿದ್ದರೆ ಬಿಟ್ಟುಬಿಡು ಎಂದು ಅದಕ್ಕೆ ಹೇಳಬಹುದು. ನಾನು ಕಿತ್ತುಹಾಕಿದ ಎರಡು ಸಾಲುಗಳು ಇವೇ. ಅದೇ ಹೆಸರಿನ ಕರೆ ವಿಂಡೋಸಿನಲ್ಲೂ ಇದೆ. ಹಾಗಿದ್ದೂ ಅಲ್ಲಿ ಏಕೆ ಒಲ್ಲೆ ಎಂದಿತು?

ನಮ್ಮ ವಿಭಾಗದಲ್ಲಿ ಸುಳ್ಯದ ಕಡೆಯ ಸರ್ ಒಬ್ಬರಿದ್ದಾರೆ. ಇಪ್ಪತ್ತು ವರ್ಷಗಳಿಂದ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುವವರು. ಊಟದ ಬುತ್ತಿ ಬಿಚ್ಚುವಾಗ ಅವರಲ್ಲಿ ಕೇಳಿದೆ.

"ಹೆಸರು ಒಂದೇ, ಹುಟ್ಟಿದ ಮನೆ ಬೇರೆ" ಎಂದರು ಅವರು. "ಲಿನಕ್ಸಿನ ಹಿರಿಯ ಯುನಿಕ್ಸ್, ಆ ಕಡೆಯವರಿಗೆ ಎಲ್ಲವೂ ಫೈಲೇ. ಕಡತವೂ ಫೈಲು, ಕೀಬೋರ್ಡೂ ಫೈಲು, ನಿಮ್ಮ ಸ್ವಿಚ್ಚೂ ಫೈಲು. ಹಾಗಾಗಿ ಒಂದೇ ಸೆಲೆಕ್ಟ್ ಸುಮಾರಾಗಿ ಎಲ್ಲದಕ್ಕೂ ನಡೀತದೆ. ವಿಂಡೋಸಿನವರು ನೆಟ್‌ವರ್ಕಿನ ಕೆಲಸಕ್ಕೆ ಮಾತ್ರ ಅದನ್ನು ಆಚೆ ಮನೆಯಿಂದ ತಂದದ್ದು. ಸಾಕೆಟಿಗೆ ಮಾತ್ರ ಆಗ್ತದೆ. ಉಳಿದದ್ದಕ್ಕೆ ಅವರದ್ದೇ ಬೇರೆ ಕ್ರಮ ಉಂಟು, ಒಳ್ಳೆಯ ಕ್ರಮವೇ. ನೀವು ಕೇಳಲಿಲ್ಲ ಅಷ್ಟೆ."

"ಆಚೆ ಮನೆಯಿಂದ ತಂದದ್ದು ಅಂತ ಹೇಗೆ ಗೊತ್ತು?"

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ನಂಬುದಿಲ್ವಾ? ಊಟ ಆಗ್ಲಿ, ತೋರಿಸ್ತೇನೆ."

ಊಟವಾದ ಮೇಲೆ ಮೂರು ಕಂಪ್ಯೂಟರುಗಳನ್ನು ಪಕ್ಕಪಕ್ಕ ಇಟ್ಟೆವು. ನನ್ನ ಲಿನಕ್ಸ್, ಲ್ಯಾಬಿನ ಒಂದು ವಿಂಡೋಸ್, ಅವರ ಸ್ವಂತ ಮ್ಯಾಕ್. ಮೂರರಲ್ಲೂ ಒಂದು ಸಾಕೆಟ್ ತೆರೆದು, ನಿಲ್ಲಿಸಿಕೊಳ್ಳಬೇಡ ಎಂದು ಹೇಳಿ, ಏನೂ ಬಾರದಿರುವಾಗಲೇ ಓದಲು ಹೋದೆವು. ಹೀಗೆ ಮಾಡಿದಾಗ ಪ್ರತಿಯೊಂದು ವ್ಯವಸ್ಥೆಯೂ ಒಂದು ಸಂಖ್ಯೆ ಹಿಂತಿರುಗಿಸುತ್ತದೆ. ತಪ್ಪಿನ ಸಂಖ್ಯೆಗಳ ಸಾಲಿಗೆ ಸೇರಿದ್ದಾದರೂ ಅದು ನಿಜವಾದ ತಪ್ಪಲ್ಲ. ಈಗ ಏನೂ ಇಲ್ಲ, ಆಮೇಲೆ ನೋಡು ಎಂದು ಅದರ ಅರ್ಥ. ಲಿನಕ್ಸ್ ಹನ್ನೊಂದು ಎಂದಿತು. ಮ್ಯಾಕ್ ಮೂವತ್ತೈದು ಎಂದಿತು. ವಿಂಡೋಸ್ ಹತ್ತು ಸಾವಿರದ ಮೂವತ್ತೈದು ಎಂದಿತು.

"ಕಂಡಿತಾ?" ಎಂದರು ಸರ್. "ಮ್ಯಾಕಿನವರದ್ದು ಬರ್ಕ್ಲಿ ಯುನಿವರ್ಸಿಟಿಯ ಹಳೆಯ ಯುನಿಕ್ಸಿನ ಸಂತಾನ. ಅಲ್ಲಿ ಅದು ಮೂವತ್ತೈದು. ವಿಂಡೋಸಿನವರು ಆ ನೆಟ್‌ವರ್ಕಿನ ಕ್ರಮವನ್ನು ತರುವಾಗ ಸಂಖ್ಯೆಯನ್ನೂ ತಂದ್ರು. ತಮ್ಮ ಮನೆಯ ಸಂಖ್ಯೆಗಳೊಟ್ಟಿಗೆ ಗಲಿಬಿಲಿ ಆಗಬಾರದು ಅಂತ ಹತ್ತು ಸಾವಿರ ಸೇರಿಸಿದ್ರು."

ನಾನು ಆ ಮೂರು ಪರದೆಗಳನ್ನು ನೋಡುತ್ತಾ ನಿಂತೆ. ಇಷ್ಟು ವರ್ಷ ಇವನ್ನು ಬಳಸಿದ್ದೇನೆ, ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದೇನೆ. ಇವಕ್ಕೂ ಒಂದು ಮನೆತನ, ಬಂದುಹೋದ ದಾರಿ ಇರಬಹುದು ಎಂದು ಯೋಚಿಸಿಯೇ ಇರಲಿಲ್ಲ. ಲಿನಕ್ಸಿನದ್ದು ಹನ್ನೊಂದು ಏಕೆ ಎಂದು ಕೇಳಿದೆ. ಅದು ಇನ್ನೂ ಹಳೆಯ ಯುನಿಕ್ಸಿನ ಸಂಖ್ಯೆ ಎಂದು ಅವರು ವಿವರಿಸುವಷ್ಟರಲ್ಲಿ ಗಂಟೆ ಹೊಡೆಯಿತು. ವಿದ್ಯಾರ್ಥಿಗಳು ಒಳಗೆ ಬಂದು, ನಾವಿಬ್ಬರು ಮೂರು ಕಂಪ್ಯೂಟರುಗಳ ಎದುರು ಬಗ್ಗಿ ನಿಂತಿರುವುದನ್ನು ವಿಚಿತ್ರವಾಗಿ ನೋಡಿದರು.

ಆ ವಾರ ಪ್ರೋಗ್ರಾಮನ್ನು ಬೇರೆ ರೀತಿ ಬರೆದೆ. ಸೆಲೆಕ್ಟನ್ನು ನಂಬಿದರೆ ಲಿನಕ್ಸಿಗೆ ಒಂದು, ವಿಂಡೋಸಿಗೆ ಒಂದು ಎಂದು ಎರಡೆರಡು ಬರೆಯಬೇಕು. ಅದರ ಬದಲು ಕೆಲಸವನ್ನೇ ಇಬ್ಬರಿಗೆ ಹಂಚಿದೆ. ಪ್ರೋಗ್ರಾಮಿನೊಳಗೆ ಒಟ್ಟಿಗೇ ನಡೆಯುವ ಎರಡು ಎಳೆಗಳಲ್ಲಿ ಒಂದಕ್ಕೆ ಸ್ವಿಚ್ಚಿನ ಎದುರು ಕಾಯುವುದೊಂದೇ ಕೆಲಸ. ಬೇಕಾದಷ್ಟು ಹೊತ್ತು ಅಲ್ಲೇ ನಿಲ್ಲಲಿ. ಯಾರಾದರೂ ಒತ್ತಿದರೆ ಸರತಿ ಸಾಲಿನಲ್ಲಿ ಒಂದು ಗುರುತು ಇಟ್ಟು ಮತ್ತೆ ಕಾಯಲಿ. ಇನ್ನೊಂದು ಎಳೆ ಹಳದಿ ಪಟ್ಟಿಯನ್ನು ಸರಿಸುತ್ತಾ, ಸಾಲಿನಲ್ಲಿ ಗುರುತು ಬಂದಿದೆಯೇ ಎಂದು ನೋಡುತ್ತಿರಲಿ. ನಿಂತು ಕಾಯುವುದು ಎಲ್ಲ ವ್ಯವಸ್ಥೆಗಳಿಗೂ ಗೊತ್ತಿರುವ ವಿದ್ಯೆ. ಮೂರು ಕಂಪ್ಯೂಟರುಗಳಲ್ಲೂ ನಡೆಯಿತು. ಈ ಸಲ ಒಂದು ಸಲವಲ್ಲ, ಅರ್ಧ ಗಂಟೆ ಒತ್ತಿ ಒತ್ತಿ ನೋಡಿದೆ.

ಮುಂದಿನ ಶನಿವಾರ ಸವಣೂರಿಗೆ ಹೋಗಿ ಮೊದಲು ಕಾಕನ ಎದುರು ಸ್ಟೂಲು ಎಳೆದು ಕೂತೆ. "ಕಾಕ, ಆ ದಿನ ತಪ್ಪು ನನ್ನದು. ನೀವು ಸರಿಯಾಗಿಯೇ ಒತ್ತಿದ್ದೀರಿ" ಎಂದೆ. ಹೆಬ್ಬೆರಳು ಹಲಗೆಯ ಮೇಲೆ ಮೆಲ್ಲಗೆ ಸರಿದು ಸ್ವಿಚ್ಚಿನ ಮೇಲೆ ಕೂತಿತು. ನಾನು ಪ್ರೋಗ್ರಾಂ ಚಾಲೂ ಮಾಡಿದೆ. ಪಟ್ಟಿ ಸರಿಯಿತು, ಸುತ್ತಿತು, ಮತ್ತೆ ಸುತ್ತಿತು. ಅವರು ಒತ್ತಲಿಲ್ಲ.

"ಪುನಃ ಹಾಳಾಯ್ತಾ ಅದು?" ಎಂದರು ಉಮ್ಮ.

"ಹಾಳಾಗ್ಲಿಲ್ಲ" ಎಂದಳು ಗೆಳತಿ. "ಇದರಲ್ಲಿ ಉಪ್ಪನಿಗೆ ಬೇಕಾದ ಮಾತು ಇಲ್ಲ. ಊಟ, ಚಾಯ, ನೋವು, ಫ್ಯಾನು. ನಾವು ಬರೆದದ್ದೆಲ್ಲ ರೋಗಿಯ ಮಾತು."

ಅವಳೇ ಕೂತು ಊರುಗಳ ಹೆಸರು ಸೇರಿಸಿದಳು: ಪುತ್ತೂರು, ಸವಣೂರು, ಕಡಬ, ಕಾಣಿಯೂರು, ಪಂಜ. ಕೊನೆಗೆ ಬೋಂಡ. ಪಟ್ಟಿ ಮತ್ತೆ ಸರಿಯತೊಡಗಿತು. ಮೂರನೇ ಹೆಸರಿಗೆ ಬಂದಾಗ ಕಾಕ ಒತ್ತಿದರು.

"ಕಡಬ."

ಮತ್ತೆ ಬಂದಾಗ ಮತ್ತೆ ಒತ್ತಿದರು. "ಕಡಬ." ಕಾಕನ ತಂಗಿಯನ್ನು ಮದುವೆ ಮಾಡಿ ಕೊಟ್ಟದ್ದು ಕಡಬಕ್ಕೆ. ಗೆಳತಿ ಕೂಡಲೇ ಫೋನು ಮಾಡಿದಳು. ಮರುದಿನವೇ ಆ ತಂಗಿ ಒಂದು ಡಬ್ಬಿ ತುಂಬ ತಿಂಡಿ ಕಟ್ಟಿಕೊಂಡು ಬಂದು, ಅಣ್ಣ ತನ್ನನ್ನು ನೆನಪು ಮಾಡಿದರು ಎಂದು ಕಣ್ಣೀರು ಹಾಕಿದರಂತೆ. ಕಾಕ ಅವರನ್ನು ಪ್ರೀತಿಯಿಂದಲೇ ನೋಡಿದರಂತೆ. ಅವರು ಹೊರಟ ಮೇಲೆ ಮತ್ತೆ ಒತ್ತಿದ್ದು ಕಡಬವನ್ನೇ.

ವಾರದ ನಂತರ ನಾನು ಹೋದಾಗ ಮನೆಯವರು ಸೋತುಹೋಗಿದ್ದರು. ಕಡಬಕ್ಕೆ ಕರೆದೊಯ್ಯಬೇಕೇ, ಅಲ್ಲಿಂದ ಯಾರನ್ನಾದರೂ ಕರೆಸಬೇಕೇ, ಅಲ್ಲಿ ಯಾರಿಗಾದರೂ ಏನಾದರೂ ಹೇಳಲಿಕ್ಕಿದೆಯೇ ಎಂದು ಕೇಳಿ ಕೇಳಿ ಸಾಕಾಗಿತ್ತು. ನಾನು ಹತ್ತಿರ ಕೂತೆ. "ಕಾಕ, ಕಡಬದಲ್ಲಿ ಎಂತ?" ಅವರು ಕಡಬ ಒತ್ತಿದರು. ಪಟ್ಟಿ ಕಾಣಿಯೂರು, ಪಂಜ ದಾಟಿ ಕೊನೆಗೆ ಬಂದಿತು. ಬೋಂಡ ಒತ್ತಿದರು. ಮತ್ತೊಂದು ಸುತ್ತು. ಕಡಬ. ಬೋಂಡ.

"ಕಡಬ ಬೇಡವಂತೆ" ಎಂದೆ.

"ಕಡಬ ಬೇಡದಿದ್ರೆ ಯಾಕೆ ಒತ್ತುದು?" ಎಂದರು ಉಮ್ಮ.

ನಾನು ಪರದೆಯ ಮೇಲಿನ ಹೆಸರುಗಳನ್ನು ಮೇಲಿಂದ ಕೆಳಗೆ ಗಟ್ಟಿಯಾಗಿ ಓದಿದೆ. ಪುತ್ತೂರು, ಸವಣೂರು, ಕಡಬ, ಕಾಣಿಯೂರು, ಪಂಜ. ಓದುವಾಗಲೇ ನನಗೆ ನಗು ಬಂತು. ಯಾವ ಪಂಜದ ಬಸ್ಸು ಕಡಬಕ್ಕೆ ಹೋಗಿ ಕಾಣಿಯೂರಿಗೆ ಬರುತ್ತದೆ? ಕಡಬದ ದಾರಿಯೇ ಬೇರೆ. ಜೀವಮಾನವೆಲ್ಲ ಈ ಮಾರ್ಗಗಳನ್ನು ಕೂಗಿದ ಮನುಷ್ಯನ ಎದುರು ನಾವು ತಪ್ಪು ಬೋರ್ಡು ನೇತುಹಾಕಿದ್ದೆವು. ಕಡಬವನ್ನು ಅಳಿಸಿ ಚಾಲೂ ಮಾಡಿದೆ. ಪುತ್ತೂರು, ಸವಣೂರು, ಕಾಣಿಯೂರು, ಪಂಜ. ಕಾಕನ ಗಂಟಲಿನಿಂದ ಒಂದು ಸದ್ದು ಹೊರಟಿತು. ಮುಖದ ಒಂದು ಬದಿ ಮೇಲಕ್ಕೆ ಎಳೆಯಿತು. ಅವರು ನಗುತ್ತಿದ್ದಾರೆ ಎಂದು ಮೊದಲು ಕಂಡುಕೊಂಡವರು ಉಮ್ಮ.

"ಇದಕ್ಕೆ ತಂಗಿಯನ್ನು ಕಡಬದಿಂದ ಇಲ್ಲಿವರೆಗೆ ಓಡಿಸಿದ್ರಲ್ಲ!" ಎಂದು ಉಮ್ಮ ಗಂಡನ ಕೈಗೆ ಮೆಲ್ಲಗೆ ಒಂದು ಹೊಡೆದರು. ಕಾಕನಿಗೆ ಪಾರ್ಶ್ವವಾಯು ಆದ ಮೇಲೆ ಆ ಮನೆಯಲ್ಲಿ ಹಾಗೊಂದು ಗದರಿಕೆ ಕೇಳಿದ್ದು ಅದೇ ಮೊದಲು ಎಂದು ಗೆಳತಿ ಆಮೇಲೆ ಹೇಳಿದಳು.

ಅಂದಿನಿಂದ ಶಬ್ದಗಳನ್ನು ಕಾಕನೇ ಆರಿಸತೊಡಗಿದರು. ಬೇಡದ್ದನ್ನು ಒತ್ತಿ ಬೋಂಡ ಅನ್ನುವರು, ನಾವು ಅಳಿಸುವೆವು. ಕೆಲವು ತಿಂಗಳ ನಂತರ ಗೆಳತಿಯ ಧ್ವನಿಯಲ್ಲೇ ಅಕ್ಷರಮಾಲೆಯನ್ನೂ ಹಾಕಿಕೊಟ್ಟೆ. ಮೊದಲು ಸಾಲು, ಆಮೇಲೆ ಅಕ್ಷರ, ಆಮೇಲೆ ಕಾಗುಣಿತ. ಒಂದು ಶಬ್ದಕ್ಕೆ ಐದು ನಿಮಿಷ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರೂ ಬಸ್ಸಿನ ಬೋರ್ಡು, ದಿನದ ಪೇಪರು ಓದಿ ಬಂದ ಕನ್ನಡ ಅವರಲ್ಲಿ ಗಟ್ಟಿಯಾಗಿತ್ತು. ನಡುನಡುವೆ ಒಂದೊಂದು 'ಅ' ಸುಮ್ಮನೆ ನುಸುಳುತ್ತಿತ್ತು. ಬೆರಳು ನಡುಗಿ ಆಗುವುದು ಎಂದು ಗೆಳತಿ ಅಳಿಸುತ್ತಿದ್ದಳು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಹೋಗಿದ್ದೆ. ಕಾಕ ನನ್ನನ್ನು ನೋಡಿ ಬರೆಯಲು ತೊಡಗಿದರು. ನಾನು ಚಾ ಕುಡಿದು ಮುಗಿಸಿದರೂ ಬರೆಯುತ್ತಲೇ ಇದ್ದರು. ಪರದೆಯ ಮೇಲೆ ಮೂಡಿದ್ದು ಇಷ್ಟು: ನಿಲ್ಲದೆ ಹೇಗೆ ಕಾಯುದು.

ನನಗೆ ಒಮ್ಮೆಲೇ ಅರ್ಥವಾಗಲಿಲ್ಲ. ಆಮೇಲೆ ಕೇಳಿದೆ, "ಈ ಪ್ರೋಗ್ರಾಮಿನ ವಿಷಯವಾ ಕಾಕ? ಅದು ತಿರುಗುತ್ತಾ ಇರುವಾಗ ನೀವು ಒತ್ತಿದ್ದು ಅದಕ್ಕೆ ಹೇಗೆ ಗೊತ್ತಾಗುದು ಅಂತವಾ?"

ಅವರು 'ಹೌದು' ಒತ್ತಿದರು. ನನ್ನ ಲ್ಯಾಬಿನಲ್ಲಿ ಈವರೆಗೆ ಯಾರೂ ಇಷ್ಟು ಸರಿಯಾಗಿ ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. ಒಂದು ಕಾಗದ ತೆಗೆದು ಎರಡು ಗೆರೆ ಎಳೆದು ತೋರಿಸಿದೆ. ಒಬ್ಬ ಬರೀ ಕಾಯುವವನು, ಇನ್ನೊಬ್ಬ ಬರೀ ಓಡಾಡುವವನು, ನಡುವೆ ಗುರುತು ಇಡುವ ಒಂದು ಸಾಲು. ಕಾಕ ಕಾಗದವನ್ನೇ ನೋಡುತ್ತಿದ್ದರು. ಮತ್ತೆ ಹೆಬ್ಬೆರಳು ಆಡಿತು.

ಇಬ್ಬರಾ.

"ಹೌದು ಕಾಕ, ಒಳಗೆ ಇಬ್ಬರು."

ಇನ್ನೂ ಮೂರು ಅಕ್ಷರಗಳಿಗೆ ಅವರು ತುಂಬಾ ಹೊತ್ತು ತೆಗೆದುಕೊಂಡರು. ಬೆರಳು ನಿಂತಾಗ ಪರದೆಯಲ್ಲಿದ್ದ ಶಬ್ದ: ಜಗಳ.

"ಜಗಳ ಆಗುದಿಲ್ಲ ಕಾಕ" ಎಂದು ನಕ್ಕೆ. "ಒಬ್ಬ ಇಡುದು, ಇನ್ನೊಬ್ಬ ತೆಗೆಯುದು, ಅಷ್ಟೆ." ಅವರು ನಗಲಿಲ್ಲ. ಅಕ್ಷರವೊಂದನ್ನು ಆರಿಸಿ, ಗೆಳತಿಯ ಧ್ವನಿ ಆ ಅಕ್ಷರವನ್ನು ಹೇಳುತ್ತಿರುವಾಗಲೇ ಮತ್ತೆರಡು ಸಲ ಒತ್ತಿದರು. ಬೇಕೆಂದೇ ಒತ್ತಿದರು, ನಡುಕದಿಂದಲ್ಲ. ಧ್ವನಿ ಮುಗಿದದ್ದೇ ಪಟ್ಟಿ ಮೊದಲ ಸಾಲಿಗೆ ಬಂದು, ಯಾರೂ ಒತ್ತದಿದ್ದರೂ ಅದನ್ನೂ ಅದರ ಮೊದಲ ಅಕ್ಷರವನ್ನೂ ಆರಿಸಿಕೊಂಡಿತು. 'ಅ'.

ನಾನು ಕುರ್ಚಿ ಹತ್ತಿರ ಎಳೆದುಕೊಂಡೆ. ಧ್ವನಿ ಹೇಳುತ್ತಿರುವಾಗ ಓಡಾಡುವವನು ಗುರುತಿನ ಸಾಲನ್ನು ನೋಡುವುದಿಲ್ಲ. ಆದರೆ ಕಾಯುವವನು ಆಗಲೂ ಗುರುತು ಇಡುತ್ತಾನೆ. ಧ್ವನಿ ಮುಗಿದ ಮೇಲೆ ಆ ಹಳೆಯ ಗುರುತುಗಳನ್ನೇ ಓಡಾಡುವವನು ಹೊಸತೆಂದು ತಿಳಿಯುತ್ತಾನೆ. ಇಷ್ಟು ತಿಂಗಳು ನಾವು ಅಳಿಸಿದ 'ಅ'ಗಳು ಬೆರಳಿನ ತಪ್ಪಲ್ಲ; ಧ್ವನಿಯ ನಡುವೆ ಬೆರಳು ತಾಗಿದ್ದನ್ನು 'ಅ' ಮಾಡಿದ್ದು ನನ್ನ ಪ್ರೋಗ್ರಾಂ. ಮಂಚದಲ್ಲಿ ಒರಗಿ ನೋಡಿ ನೋಡಿ, ಒಳಗೆ ಎಲ್ಲೋ ಹೊಂದಾಣಿಕೆ ತಪ್ಪುತ್ತಿದೆ ಎಂದು ಅವರೇ ಕಂಡುಹಿಡಿದಿದ್ದರು.

"ಎಂತಾಯ್ತು?" ಎಂದು ಒಳಗಿನಿಂದ ಬಂದ ಗೆಳತಿ ಕೇಳಿದಳು.

"ನಿನ್ನ ಉಪ್ಪ ನನ್ನ ಪ್ರೋಗ್ರಾಮಿನ ತಪ್ಪು ಹಿಡಿದ್ರು."

ಅಲ್ಲೇ ಕೂತು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಪಟ್ಟಿ ಹೊಸದಾಗಿ ಹೊರಡುವ ಮೊದಲು ಹಳೆಯ ಗುರುತುಗಳನ್ನೆಲ್ಲ ಎತ್ತಿ ಎಸೆ ಎಂದು. ಕಾಕ ಧ್ವನಿಯ ನಡುವೆ ಮೂರು ಸಲ, ನಾಲ್ಕು ಸಲ ಒತ್ತಿ ಪರೀಕ್ಷೆ ಮಾಡಿದರು. 'ಅ' ಬರಲಿಲ್ಲ. ಆಮೇಲೆ ಅವರು ನಿಧಾನವಾಗಿ ಇನ್ನೊಂದು ಪ್ರಶ್ನೆ ಬರೆಯತೊಡಗಿದರು. ಮೊದಲ ಎರಡು ಅಕ್ಷರ ಮೂಡುವಷ್ಟರಲ್ಲಿ ನಾನು ಕಾಗದ ತಿರುಗಿಸಿ ಹಿಂಬದಿಯನ್ನು ಸಿದ್ಧ ಮಾಡಿಕೊಂಡೆ.